‘ಎಲ್ಲ ಸೇರಿ’ ಅಂದ್ರೆ ಎಲ್ಲವೂ ಅಲ್ಲ
ನಿಮ್ಮ ಲೇಖನದಲ್ಲಿ ಮುಂಬೈ–ಗೋವಾ ಹಡಗು ಪ್ರವಾಸಕ್ಕೆ (ಕ್ರೂಸ್) ‘ಟಿಕೆಟ್ ತಗೊಂಡ್ರೆ ಮುಗೀತು, ಊಟ-ವಸತಿ ಎಲ್ಲ ಅದರಲ್ಲೇ’ ಅಂತ ಬರೆದಿದ್ದೀರಿ. ಅರ್ಧ ನಿಜ. ಹೋದ ವರ್ಷ ನಾವು ನಾಲ್ವರು ಹೋಗಿದ್ವಿ. ಜಾಹೀರಾತಿನಲ್ಲಿ ಇದ್ದದ್ದು ತಲಾ ದರ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಒಂಟಿಯಾಗಿ ಹೋಗೋರು ಹೆಚ್ಚುಕಮ್ಮಿ ಇಬ್ಬರ ದುಡ್ಡು ಕಟ್ಟಬೇಕು. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಟಿಪ್ಸ್. ಟಿಪ್ಸ್ ನಮ್ಮಿಷ್ಟ ಅಂದ್ಕೊಂಡಿದ್ದೆ, ತಲೆಗೆ ರಾತ್ರಿಗೆ ಇಷ್ಟು ಅಂತ ಬಿಲ್ಲಲ್ಲೇ ಬಂತು!

ಬಫೆ ಊಟ, ಈಜುಕೊಳ, ಸಂಜೆಯ ಕೆಲವು ಕಾರ್ಯಕ್ರಮ ದರದಲ್ಲಿ ಸೇರಿತ್ತು. ಡ್ರಿಂಕ್ಸ್, ವೈಫೈ, ಸ್ಪಾ, ಗೋವಾದಲ್ಲಿ ಇಳಿದು ಸುತ್ತಾಡೋದು ಎಲ್ಲ ಬೇರೆ. ನಮ್ಮ ಭಾವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದೆ ಹಡಗಿನ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ತೆತ್ತರು. ಈಗಲೂ ಆ ಮಾತೆತ್ತಿದರೆ ಮುಖ ಗಂಟು.

ಖರ್ಚು ಕಮ್ಮಿ ಆಗಬೇಕಂದ್ರೆ ಕಿಟಕಿ ಇಲ್ಲದ ಒಳ ಕ್ಯಾಬಿನ್ ಸಾಕು, ಮಲಗೋಕೆ ತಾನೆ. ಅದೇ ಕ್ಯಾಬಿನ್‌ನಲ್ಲಿ ಮೂರನೇ, ನಾಲ್ಕನೇ ಜನಕ್ಕೆ ಸಾಮಾನ್ಯವಾಗಿ ದರ ಇಳಿಯುತ್ತೆ. ದೀಪಾವಳಿ, ಡಿಸೆಂಬರ್ ಕೊನೆ ಬಿಟ್ಟು ವಾರದ ಮಧ್ಯದ ದಿನ ನೋಡಿ. ಮೊದಲ ಪುಟದ ದರ ನಂಬಬೇಡಿ, ಹಣ ಕಟ್ಟೋ ಪುಟದವರೆಗೂ ಹೋಗಿ, ಅಲ್ಲಿ ಕಾಣೋ ಮೊತ್ತಾನೇ ಹೋಲಿಸಿ. ಬೆಂಗಳೂರಿಂದ ಮುಂಬೈಗೆ ಹೋಗಿಬರೋ ಖರ್ಚನ್ನೂ ಅದಕ್ಕೆ ಸೇರಿಸ್ಕೊಳ್ಳಿ, ನಾವು ಮರೆತಿದ್ದು ಅದನ್ನೇ.