43ರಲ್ಲಿ 37 ನಾನೇ

ಮೂರು ತಿಂಗಳ ಕಾಲ ನನ್ನ ಬ್ಲಾಗಿಗೆ ದಿನಕ್ಕೆ 43 ಓದುಗರಿದ್ದರು. ಲೆಕ್ಕ ತೋರಿಸುವ ಪುಟದಲ್ಲಿ ವ್ಯೂ 43 ಅಂತಿತ್ತು. ವ್ಯೂ ಅಂದರೆ ಜನ ಅಂತಲೇ ನಾನು ತಿಳಿದಿದ್ದೆ. ಪಕ್ಕದಲ್ಲಿ ಹಸಿರು ಬಾಣ ಬೇರೆ, ಮೇಲಕ್ಕೆ ಮುಖ ಮಾಡಿಕೊಂಡು. ಬೆಳಿಗ್ಗೆ ಎದ್ದ ತಕ್ಷಣ ಬ್ಲಾಗು ತೆರೆದು ನೋಡುತ್ತಿದ್ದೆ. ಮಲಗುವ ಮುಂಚೆ ಇನ್ನೊಮ್ಮೆ. ನಡುವೆ ಸುಮ್ನೆ ಮೂವತ್ತು ಮೂವತ್ತೈದು ಸಲ. ಯಾರಾದರೂ ಏನಾದರೂ ಬರೆದಿರಬಹುದು, ಅಲ್ವಾ?

ಒಂದು ದಿನ ತಂಗಿ ಬಂದು ಪರದೆ ಮೇಲೆ ಕಣ್ಣಾಡಿಸಿದಳು.

"ಅಣ್ಣಾ, ನಿನ್ನ ಭೇಟಿಯನ್ನೂ ಇದು ಲೆಕ್ಕ ಹಾಕ್ತಿದೆ. ಅದನ್ನ ಆಫ್ ಮಾಡಿಲ್ವಾ?"

ಮಾಡಿದಳು. ಮರುದಿನ 43 ಇದ್ದದ್ದು 6 ಆಯಿತು. ಉಳಿದ 37 ನಾನೇ. ಆ 6ರಲ್ಲೂ 2 ಮನುಷ್ಯರಲ್ಲವಂತೆ, ಸರ್ಚ್ ಎಂಜಿನ್ ಕಳಿಸುವ ಬಾಟ್‌ಗಳಂತೆ. ಹಾಗೆ ನೋಡಿದರೆ ನನ್ನ ಬರಹವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ತಪ್ಪದೆ ಓದುತ್ತಿದ್ದವು ಅವೆರಡೇ.

ಮಿಕ್ಕ ನಾಲ್ವರು ಯಾರು? ಅವರು ಏನು ಹುಡುಕಿಕೊಂಡು ಬಂದರು ಅನ್ನುವುದೂ ಕಾಣಿಸುತ್ತದೆ. "ಛತ್ರಿ ಕಡ್ಡಿ ಮುರಿದರೆ ಏನು ಮಾಡಬೇಕು." ನಾನು ಬರೆದದ್ದು ತೀರಿಕೊಂಡ ನನ್ನ ಅಜ್ಜನ ಬಗ್ಗೆ. ಅವರು ಹೋದ ಮೇಲೂ ಬಾಗಿಲ ಹಿಂದೆ ನೇತಾಡುತ್ತಿದ್ದ ಛತ್ರಿ, ಅದರ ಮುರಿದ ಒಂದು ಕಡ್ಡಿ, ಅದಕ್ಕೆ ಅಜ್ಜ ಕಟ್ಟಿದ್ದ ದಾರ. ಬಂದವರಿಗೆ ಬೇಕಿದ್ದದ್ದು ರಿಪೇರಿ. ಸಿಕ್ಕಿದ್ದು ನನ್ನ ಕಣ್ಣೀರು. ಹೊರಟುಹೋದರು. ಪಾಪ, ಅವರನ್ನೇನು ದೂರುವುದು?

ಆಗಲೇ ನಾನು ಗುರುಗಳ ಕೈಗೆ ಸಿಕ್ಕಿದ್ದು. ಓದುಗರನ್ನು ಬೆಳೆಸುವುದು ಹೇಗೆ ಅಂತ ಹೇಳಿಕೊಡುವ ಗುರುಗಳು ಈಗ ಎಲ್ಲ ಕಡೆ ಇದ್ದಾರೆ. ನಮ್ಮ ಗುರುಗಳಿಗೆ ಸಾವಿರಾರು ಓದುಗರು. ಅವರೇನು ಬರೆಯುತ್ತಾರೆ? ಓದುಗರನ್ನು ಬೆಳೆಸುವುದು ಹೇಗೆ ಅಂತ ಬರೆಯುತ್ತಾರೆ. ಅದಕ್ಕೂ ಮೊದಲು ಏನು ಬರೆಯುತ್ತಿದ್ದಿರಿ ಅಂತ ಒಮ್ಮೆ ಕೇಳಿದೆ. ಬೇರೆ ವಿಷಯಕ್ಕೆ ಹೋದರು.

ಗುರುಗಳು ಮೊದಲು ಕೈ ಹಾಕಿದ್ದು ತಲೆಬರಹಕ್ಕೆ. 'ಅಜ್ಜನ ಛತ್ರಿ' ಅಂದರೆ ಯಾರು ಒತ್ತುತ್ತಾರೆ? 'ಅಜ್ಜನ ಛತ್ರಿ ನನಗೆ ಕಲಿಸಿದ 7 ಪಾಠಗಳು, 5ನೆಯದು ನಿಮ್ಮನ್ನು ಬೆಚ್ಚಿಬೀಳಿಸುತ್ತದೆ' ಅಂತ ಆಯಿತು. ಪಾಠಗಳೇ ಇರಲಿಲ್ಲ. ರಾತ್ರಿಯಿಡೀ ಕೂತು ಏಳು ಹೊಂದಿಸಿದೆ. ನಾಲ್ಕರ ತನಕ ಹೇಗೋ ಬಂತು. ಐದನೆಯದಕ್ಕೆ ಬೆಚ್ಚಿಬೀಳಿಸುವಂಥದ್ದು ಏನೂ ಹೊಳೆಯದೆ, 'ಛತ್ರಿ ಮಳೆಗೆ ಮಾತ್ರವಲ್ಲ' ಅಂತ ಬರೆದು ದಪ್ಪಕ್ಷರ ಮಾಡಿದೆ.

ಆಮೇಲೆ ಪಾಪ್‌ಅಪ್. ಓದುಗರ ಇ-ಮೇಲ್ ವಿಳಾಸ ಹಿಡಿಯುವ ಬಲೆ ಅದು. ಬರಹ ಅರ್ಧಕ್ಕೆ ಬಂದಾಗ ಪುಟದ ಮೇಲೆ ಧೊಪ್ಪನೆ ಬೀಳಬೇಕು. ಬೇಡ ಅನ್ನುವವರಿಗೆ ಬರೀ 'ಬೇಡ' ಅನ್ನುವ ಬಟನ್ ಇರಬಾರದಂತೆ. 'ಬೇಡ, ನಾನು ಹೀಗೇ ಇರುತ್ತೇನೆ, ನನಗೆ ಬೆಳೆಯುವ ಆಸೆಯಿಲ್ಲ' ಅನ್ನುವ ಬಟನ್ ಇರಬೇಕಂತೆ. ನಾನು ಇಟ್ಟೆ. ಅದು ಸರಿಯಾಗಿ ಎಲ್ಲಿ ಬಿತ್ತು ಗೊತ್ತಾ? ಅಜ್ಜ ಕೊನೆಯ ಸಲ ನೀರು ಕೇಳಿದ ಸಾಲಿನ ಮೇಲೆ. ಅವರಿಗೆ ನೀರು ಸಿಕ್ಕಿತೋ ಇಲ್ಲವೋ ತಿಳಿಯಬೇಕಾದರೆ ಇ-ಮೇಲ್ ಕೊಡಬೇಕು, ಇಲ್ಲವೇ ಬೆಳೆಯುವ ಆಸೆಯಿಲ್ಲ ಅಂತ ಒಪ್ಪಿಕೊಳ್ಳಬೇಕು.

"ಇಷ್ಟು ಸಾಲದು" ಅಂದರು ಗುರುಗಳು. "ಓದುಗರನ್ನು ಮರೆತುಬಿಡಿ. ಈಗ ಕಮ್ಯುನಿಟಿ ಕಟ್ಟಬೇಕು."

ಈ ಕಮ್ಯುನಿಟಿ ಪದ ಕೇಳಿದಾಗಲೆಲ್ಲ ನನಗೆ ಬ್ಲಾಗ್ ಪದದ ಹುಟ್ಟೇ ನೆನಪಾಗುತ್ತದೆ. 1997ರ ಡಿಸೆಂಬರಿನಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ತಮ್ಮ ಪುಟವನ್ನು ವೆಬ್, ಲಾಗ್ ಎರಡೂ ಸೇರಿಸಿ 'ವೆಬ್‌ಲಾಗ್' ಅಂತ ಕರೆದರು. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆ ಅದನ್ನು ಬೇರೆ ಜಾಗದಲ್ಲಿ ಒಡೆದು 'ವೀ ಬ್ಲಾಗ್' ಮಾಡಿದರು. ವೀ ಅಂದರೆ ನಾವು. ಜನ ಆ 'ನಾವು' ಅನ್ನುವುದನ್ನು ಕಿತ್ತು ಬಿಸಾಕಿ ಬ್ಲಾಗ್ ಒಂದನ್ನೇ ಇಟ್ಟುಕೊಂಡರು. ಬಿಸಾಕಿದ ಆ 'ನಾವು' ಈಗ ಮತ್ತೆ ಬೇಕಾಗಿದೆ. ಅದನ್ನು ಹುಡುಕಿಕೊಡುವುದಕ್ಕೇ ಗುರುಗಳು ಕೋರ್ಸ್ ನಡೆಸುತ್ತಾರೆ.

ಸರಿ, ನನ್ನನ್ನು ಒಂದು ಗ್ರೂಪಿಗೆ ಸೇರಿಸಿದರು. 312 ಜನ. ಎಲ್ಲರೂ ಬರೆಯುವವರೇ, ಎಲ್ಲರಿಗೂ ಓದುಗರು ಬೇಕು. ನಿಯಮ ಒಂದೇ: ದಿನಕ್ಕೆ ಐದು ಜನರ ಬರಹಕ್ಕೆ ಕಾಮೆಂಟ್ ಹಾಕಿ, ನಿಮಗೂ ಐದು ಬೀಳುತ್ತವೆ. ಮುಯ್ಯಿಗೆ ಮುಯ್ಯಿ. ಓದಬೇಕು ಅಂತ ನಿಯಮದಲ್ಲಿ ಎಲ್ಲೂ ಇರಲಿಲ್ಲ, ಅದನ್ನು ನಾನೂ ಗಮನಿಸಿದೆ.

ಮೊದಲ ವಾರದಲ್ಲೇ ಅಜ್ಜನ ಬರಹಕ್ಕೆ 14 ಕಾಮೆಂಟ್. ಎದೆ ಉಬ್ಬಿತು. ತೆರೆದು ನೋಡಿದೆ. 'ತುಂಬಾ ಚೆನ್ನಾಗಿದೆ ಸರ್, ಹೀಗೇ ಮುಂದುವರಿಯಲಿ.' ಅಜ್ಜ ತೀರಿಕೊಂಡದ್ದು ಹೀಗೇ ಮುಂದುವರಿಯುವುದು ಹೇಗೆ? ಇನ್ನೊಬ್ಬರು: 'ಸೂಪರ್, ಮುಂದಿನ ಭಾಗಕ್ಕೆ ಕಾಯುತ್ತಿದ್ದೇನೆ.' ಮತ್ತೊಬ್ಬರು ಚಪ್ಪಾಳೆಯ ಮೂರು ಚಿತ್ರ ಹಾಕಿ, 'ನನ್ನ ಬ್ಲಾಗಿಗೂ ಒಮ್ಮೆ ಬನ್ನಿ' ಅಂದಿದ್ದರು.

ನಾನೇನು ಸಾಚಾ ಅಲ್ಲ. ಆ ವಾರ ಒಬ್ಬರು 'ಪರೀಕ್ಷೆ' ಅಂತ ಒಂದು ಪೋಸ್ಟ್ ಹಾಕಿದ್ದರು. ಪುಟದ ಬಣ್ಣ ಬದಲಾಗಿದೆಯೋ ಇಲ್ಲವೋ ನೋಡಲು ಹಾಕಿದ್ದು, ಒಳಗೆ ಆ ಒಂದು ಪದ ಬಿಟ್ಟು ಇನ್ನೇನೂ ಇರಲಿಲ್ಲ. 11 ಕಾಮೆಂಟ್ ಬಿದ್ದವು. 'ಮನಮುಟ್ಟುವ ಬರಹ', 'ಇಂದಿನ ಮಕ್ಕಳ ಒತ್ತಡವನ್ನು ಚೆನ್ನಾಗಿ ಹಿಡಿದಿಟ್ಟಿದ್ದೀರಿ', 'ಬದುಕೇ ಒಂದು ಪರೀಕ್ಷೆ ಅಲ್ಲವೇ ಮೇಡಂ'. ಈ ಕೊನೆಯದು ನನ್ನದು. ಮೇಡಂ ಧನ್ಯವಾದ ಹೇಳಿದರು. ಪೋಸ್ಟ್ ಅಳಿಸಲಿಲ್ಲ. ಇವತ್ತಿಗೂ ಅವರ 'ಜನಪ್ರಿಯ ಬರಹಗಳು' ಪಟ್ಟಿಯಲ್ಲಿ ಅದೇ ಮೊದಲನೆಯದು.

ಕಾಮೆಂಟಿನಲ್ಲಿ ತಮ್ಮ ಪುಟದ ಕೊಂಡಿ (ಲಿಂಕ್) ಅಂಟಿಸಿ ಹೋಗುವ ಈ ಚಾಳಿ ಹೊಸದೇನಲ್ಲ. ಕಾಟ ಎಷ್ಟು ಹೆಚ್ಚಿತೆಂದರೆ 2005ರ ಜನವರಿಯಲ್ಲಿ ಗೂಗಲ್ ಮತ್ತಿತರ ಕಂಪನಿಗಳು ಸೇರಿ 'ನೋಫಾಲೋ' ಅನ್ನುವ ಗುರುತು ತಂದವು. ಆ ಗುರುತಿದ್ದರೆ ಕಾಮೆಂಟಿನ ಕೊಂಡಿಯಿಂದ ಹುಡುಕಾಟದಲ್ಲಿ ಮೇಲೇರಲು ಆಗ ಆಗುತ್ತಿರಲಿಲ್ಲ. ಲಾಭವೇ ಇಲ್ಲ ಅಂದಮೇಲೆ ನಿಲ್ಲಿಸುತ್ತಾರೆ ಅಂದುಕೊಂಡಿರಬೇಕು. ಈ ಕಂಪನಿಗಳಿಗೆ ಕವಿಗಳ ಪರಿಚಯ ಇದ್ದಂತಿಲ್ಲ.

ಇಷ್ಟಾದ ಮೇಲೆ ಗುರುಗಳು ನನಗೆ ಭಾಷೆ ಕಲಿಸಿದರು. ಗಿರಾಕಿ ಅನ್ನಬಾರದು, ಒರಟು. ಅಭಿಮಾನಿ ಅನ್ನಬಾರದು, ಜಂಬ. 'ನಮ್ಮ ಕುಟುಂಬ' ಅನ್ನಬೇಕು. 'ನಮ್ಮ ಕುಟುಂಬ ಈಗ 10 ಸಾವಿರ ದಾಟಿದೆ' ಅಂತ ಅವರೇ ಮೊನ್ನೆ ಹಾಕಿದ್ದರು. ಕುಟುಂಬದವರ ಹೆಸರು ಕೇಳಿದರೆ ಒಂದೂ ಗೊತ್ತಿಲ್ಲ. ಒಬ್ಬರಿಗೊಬ್ಬರು ಮಾತಾಡಿಲ್ಲ. ಬಿಟ್ಟುಹೋಗುವವರಿಗೆ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಒಂದು ಕೊಂಡಿ ಉಂಟು. ಅದೊಂದೇ ಕೊಂಚ ನಿಜವಾದ ಕುಟುಂಬದ ಹಾಗಿದೆ.

ಕುಟುಂಬದಲ್ಲಿ ಮಾತಾಡುವವರು ಎಷ್ಟು ಜನ ಅನ್ನುವುದಕ್ಕೂ ಒಂದು ಲೆಕ್ಕವಿದೆ. 2006ರಲ್ಲಿ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಬರೆದದ್ದು. ಇಂಥ ಗುಂಪುಗಳಲ್ಲಿ ನೂರಕ್ಕೆ 90 ಮಂದಿ ಸುಮ್ಮನೆ ಓದಿ ಹೋಗುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಾರೆ, ಹೆಚ್ಚಿನ ಮಾತೆಲ್ಲ ಉಳಿದ ಒಬ್ಬರದ್ದೇ. ನನ್ನ ನಾಲ್ವರಿಗೆ ಇದನ್ನು ಹಾಕಿ ನೋಡಿದೆ. ನೂರಕ್ಕೆ ಒಂದರಂತೆ 0.04 ಮನುಷ್ಯ. ಒಂದು ಅಂಗೈ ಇರಬಹುದೇನೋ. ಲೈಕ್ ಒತ್ತುವುದಕ್ಕೆ ಅಷ್ಟಿದ್ದರೆ ಸಾಕು, ಮಾತಾಡಲು ಬಾಯಿ ಬೇಕಲ್ಲ?

ಗುರುಗಳಿಗೆ ಇದೆಲ್ಲ ಬೇಡ. ಅವರ ಕಣ್ಣು 'ಬೌನ್ಸ್ ರೇಟ್' ಮೇಲೆ. ಬಂದವರು ಒಂದೇ ಪುಟ ನೋಡಿ ಹೊರಟರೆ ಅದು ಬೌನ್ಸ್, ಚೆಂಡಿನ ಹಾಗೆ ಪುಟಿದು ಹೋದರು ಅಂತ. ಪುಟಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನ ಹಳೆಯ ಆವೃತ್ತಿಯಲ್ಲಿ ಇದರ ತಮಾಷೆ ನೋಡಬೇಕಿತ್ತು. ಎರಡನೇ ಕ್ಲಿಕ್ ಆಗದಿದ್ದರೆ ಎಷ್ಟು ಹೊತ್ತು ಇದ್ದರು ಅಂತ ಅದಕ್ಕೆ ಅಳೆಯಲು ಬರುತ್ತಿರಲಿಲ್ಲ. ಹಾಗಾಗಿ 0 ಸೆಕೆಂಡ್ ಅಂತ ಬರೆದುಬಿಡುತ್ತಿತ್ತು. ಯಾರೋ ಅರ್ಧ ಗಂಟೆ ಕೂತು ಓದಿ, ಕಣ್ಣೊರೆಸಿಕೊಂಡು, ಪುಟ ಮುಚ್ಚಿದರು ಅನ್ನಿ. 0 ಸೆಕೆಂಡ್. ಕೈ ಜಾರಿ ಎರಡು ಕಡೆ ಒತ್ತಿ, ಗಾಬರಿಯಾಗಿ ಓಡಿಹೋದವರು ಒಳ್ಳೆಯ ಓದುಗರು. 2023ರ ಜುಲೈಯಲ್ಲಿ ಆ ಆವೃತ್ತಿ ನಿಂತಿತು. ಹೊಸದರಲ್ಲಿ 10 ಸೆಕೆಂಡ್ ದಾಟಿದರೂ ಸಾಕು, ಓದುಗರು ನಿಮ್ಮಲ್ಲಿ ತೊಡಗಿಕೊಂಡರು ಅಂತ ಲೆಕ್ಕ. ಪಾಪ್‌ಅಪ್ ಮುಚ್ಚುವ ಗುರುತು ಎಲ್ಲಿದೆ ಅಂತ ಹುಡುಕಲು ನನ್ನ ಬ್ಲಾಗಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ನನ್ನ ಲೆಕ್ಕದ ಪುಟ ಮಾತ್ರ ಇನ್ನೂ ಆ ಹಳೇ ಜಾಯಮಾನದ್ದೇ.

ಹೋದ ವಾರ ಒಂದು ಮೇಲ್ ಬಂತು. ಗ್ರೂಪಿನವರದ್ದಲ್ಲ. ಪಾಪ್‌ಅಪ್‌ಗೆ ಸಿಕ್ಕವರೂ ಅಲ್ಲ.

'ನಿಮ್ಮ ಅಜ್ಜ ಕಡ್ಡಿಗೆ ದಾರ ಕಟ್ಟಿದ್ದರು ಅಂತ ಬರೆದಿದ್ದೀರಿ. ದಾರ ನೆನೆದರೆ ಸಡಿಲ ಆಗುತ್ತೆ. ತೆಳ್ಳಗಿನ ತಾಮ್ರದ ತಂತಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ. ಹೊರಗೆ ಬಿಟ್ಟರೆ ಬಟ್ಟೆ ಹರಿಯುತ್ತೆ. ಆ ಏಳು ಪಾಠ ಓದಲಿಲ್ಲ, ಕ್ಷಮಿಸಿ. ಅವರು ಕೊನೆಗೆ ನೀರು ಕೇಳಿದ್ದು ಓದಿದೆ. ಕೊಟ್ಟಿರಿ ತಾನೇ?'

ಕೊಟ್ಟೆವು ಅಂತ ಉತ್ತರ ಬರೆದೆ. ಛತ್ರಿಯ ಫೋಟೋ ಕಳಿಸಿದೆ. ಅವರು ಕಡ್ಡಿಯ ಕೀಲಿನ ಚಿತ್ರವನ್ನು ಪೆನ್ನಿನಲ್ಲಿ ಬರೆದು, ತಂತಿ ಎಲ್ಲಿಂದ ಸುತ್ತಬೇಕು ಅಂತ ಬಾಣ ಹಾಕಿ ಕಳಿಸಿದರು.

ಗುರುಗಳಿಗೆ ಹೇಳಿದೆ. ಖುಷಿಯಾದರು. "ಇ-ಮೇಲ್ ವಿಳಾಸ ಸಿಕ್ಕಿತಲ್ಲ, ಕುಟುಂಬಕ್ಕೆ ಸೇರಿಸಿಬಿಡಿ" ಅಂದರು.

ಸೇರಿಸಲಿಲ್ಲ. ಆದರೆ ಚಟ ಬಿಡಬೇಕಲ್ಲ, ಅವರು ಬಂದ ದಿನದ ಲೆಕ್ಕ ತೆಗೆದು ನೋಡಿದೆ. ಅವತ್ತು ಬಂದವರು ಒಬ್ಬರೇ. ನೋಡಿದ ಪುಟ 1. ಇದ್ದ ಹೊತ್ತು 0 ಸೆಕೆಂಡ್.