ಸೀರಿಯಲ್ ಶುರುವಾಗುವ ಮೊದಲೇ ಅದರ ಕೊನೆ ನಿಗದಿಯಾಗಬೇಕಾ?

ಪರ: ಮುಗಿಯುವ ಕಥೆಯನ್ನೇ ನೋಡೋಣ

"ಒಳ್ಳೆ ಸೀರಿಯಲ್ ಯಾವುದಾದ್ರೂ ಇದ್ರೆ ಹೇಳಿ" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಯೋಚಿಸುವುದು ಒಂದೇ. ಆ ಕಥೆಗೆ ಕೊನೆ ಇದೆಯಾ? ತೆಗೆದವರಿಗೆ ಆ ಕೊನೆ ಮೊದಲೇ ಗೊತ್ತಿತ್ತಾ? ಇಲ್ಲ ಅನ್ನುವುದಾದರೆ ನಾನು ಅದರ ಹೆಸರು ಹೇಳುವುದಿಲ್ಲ. ನನ್ನ ಮಾತು ನಂಬಿ ಇನ್ನೊಬ್ಬರು ಎರಡು ಮೂರು ವರ್ಷದ ಸಂಜೆಗಳನ್ನು ಅದಕ್ಕೆ ಕೊಡುತ್ತಾರೆ. ಅದು ಸಣ್ಣ ವಿಷಯ ಅಲ್ಲ.

ನನ್ನ ಪಟ್ಟಿಯ ಮೊದಲ ಹೆಸರು ಎಲ್ಲರಿಗೂ ಗೊತ್ತಿರುವುದೇ, 'ಮಾಲ್ಗುಡಿ ಡೇಸ್'. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ 39 ಕಂತು ತೆಗೆದರು. 1986-87ರಲ್ಲಿ ದೂರದರ್ಶನದಲ್ಲಿ ಬಂತು. ತಯಾರಾಗಿದ್ದು ಹಿಂದಿ, ಇಂಗ್ಲಿಷ್‌ನಲ್ಲಿ. ಆದರೆ ತೆರೆಯ ಮೇಲಿದ್ದ ಮುಖಗಳು ಬಹುಪಾಲು ನಮ್ಮವೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸ್ವಾಮಿಯ ಕಥೆ ಕೆಲವು ಕಂತು ನಡೆಯುತ್ತದೆ, ಉಳಿದವು ಹೆಚ್ಚಾಗಿ ಒಂದೇ ಕಂತಿನಲ್ಲಿ ಮುಗಿಯುತ್ತವೆ. ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಾನೆ. ಅಷ್ಟೇ, ಹೋದ. ಇವತ್ತಿನ ದಿನದ ಸೀರಿಯಲ್ ಆಗಿದ್ದರೆ ಅವನು ಮುಂದಿನ ವಾರದ ಪ್ರೋಮೊದಲ್ಲಿ ವಾಪಸ್ ಬರುತ್ತಿದ್ದ. ಅವನು ಬರುವುದಿಲ್ಲ ಅನ್ನುವುದರಿಂದಲೇ ಆ ಅಗಲಿಕೆ ಇಷ್ಟು ವರ್ಷವಾದರೂ ಮನಸ್ಸಿನಲ್ಲಿ ಉಳಿದಿದೆ.

ಎರಡನೆಯದು 'ಗುಡ್ಡದ ಭೂತ'. ಸದಾನಂದ ಸುವರ್ಣ ನಿರ್ದೇಶಿಸಿದ್ದು, 1990ರದು. ಬರೀ 13 ಕಂತು. ಪ್ರಕಾಶ್ ರೈ ಇನ್ನೂ ದೊಡ್ಡ ಹೆಸರಾಗುವ ಮೊದಲು ನಟಿಸಿದ್ದರು. 'ಡೆನ್ನಾನ ಡೆನ್ನಾನ' ಅಂತ ಅದರ ಹಾಡು ಶುರುವಾದರೆ ಇವತ್ತಿಗೂ ಮೈ ಜುಮ್ ಅನ್ನುವವರಿದ್ದಾರೆ. ಭೂತದ ಗುಟ್ಟನ್ನು ವರ್ಷಗಟ್ಟಲೆ ಎಳೆದಿದ್ದರೆ ಭಯ ಎಲ್ಲಿ ಉಳಿಯುತ್ತಿತ್ತು?

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಟಿವಿ ಕನ್ನಡಕ್ಕೆ ಗಿರೀಶ್ ಕಾಸರವಳ್ಳಿ ಮಾಡಿದ 'ಗೃಹಭಂಗ'. ಭೈರಪ್ಪನವರ ಕಾದಂಬರಿ, ಹಾಗಾಗಿ ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಮೊದಲ ದಿನವೇ ನಿರ್ಧಾರವಾಗಿತ್ತು. ಕೈಲಾಗದ ಗಂಡ, ಬಾಯಿಬಡುಕಿ ಅತ್ತೆ. ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ನಡೆಸುತ್ತಾಳೆ. ಆಮೇಲೆ ಪ್ಲೇಗು ಬರುತ್ತದೆ. ಅತ್ತೆ, ಸೊಸೆ, ಮನೆಜಗಳ, ಕಣ್ಣೀರು, ಸಾವು. ದಿನದ ಸೀರಿಯಲ್‌ನಲ್ಲಿ ಇರುವ ಸಾಮಾನೆಲ್ಲ ಇದರಲ್ಲೂ ಇದೆ. ಆದರೆ ನಂಜಮ್ಮನ ಅಳುವಿಗೆ ಬೆಲೆ ಇದೆ, ಯಾಕಂದರೆ ಇಲ್ಲಿ ಸತ್ತವರು ಸತ್ತೇ ಹೋಗುತ್ತಾರೆ. ಮುಖ ಬದಲಾಯಿಸಿಕೊಂಡು ಯಾರೂ ಬರುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಮರಾಠಿಯಲ್ಲಿ 'ತುಲಾ ಪಾಹತೇ ರೇ' 2018ರ ಆಗಸ್ಟ್‌ನಲ್ಲಿ ಶುರುವಾಗಿ 2019ರ ಜುಲೈಗೆ ಮುಗಿಯಿತು. ಒಂದು ವರ್ಷವೂ ಪೂರ್ತಿ ಆಗಲಿಲ್ಲ. ಅದನ್ನೇ ಕನ್ನಡಕ್ಕೆ ತಂದರು, 'ಜೊತೆ ಜೊತೆಯಲಿ'. 2019ರ ಸೆಪ್ಟೆಂಬರ್‌ನಿಂದ 2023ರ ಮೇವರೆಗೆ ಓಡಿತು. ಶುರುವಿನ ತಿಂಗಳುಗಳಲ್ಲಿ ನಾಡಿಗೆ ನಾಡೇ ಅದನ್ನು ಮೆಚ್ಚಿತ್ತು. ನಾನೂ ಮೆಚ್ಚಿದ್ದೆ. ಬೀಜ ಒಂದೇ, ಅಲ್ವಾ? ಒಂದು ವರ್ಷದ ಕಥೆ ಸುಮಾರು ನಾಲ್ಕು ವರ್ಷ ನಡೆಯಬೇಕಾದರೆ ನಡುವೆ ಏನನ್ನಾದರೂ ತುಂಬಲೇಬೇಕು.

ಏನು ತುಂಬುತ್ತಾರೆ ಅನ್ನುವುದು ನೋಡುವವರಿಗೆಲ್ಲ ಗೊತ್ತು. ಸೊಸೆ ಬಾಗಿಲ ಬಳಿ ನಿಂತು ಒಂದು ಮಾತು ಕೇಳಿಸಿಕೊಳ್ಳುತ್ತಾಳೆ. ಕ್ಯಾಮೆರಾ ಅವಳ ಮುಖಕ್ಕೆ ಮೂರು ಸಲ ನುಗ್ಗುತ್ತದೆ. ಆಮೇಲೆ ಅತ್ತೆಯ ಮುಖ, ಮಾವನ ಮುಖ, ನಾದಿನಿ, ಮೈದುನ, ಕೊನೆಗೆ ಅಡುಗೆಯವಳ ಮುಖ. ಹಿಂದೆ ಗುಡುಗಿನ ಸದ್ದು. ಜಾಹೀರಾತು. ವಾಪಸ್ ಬಂದರೆ ಅದೇ ಮುಖಗಳು ಮತ್ತೊಮ್ಮೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದೇ ಇಪ್ಪತ್ತು ಚಿಲ್ಲರೆ ನಿಮಿಷ. ಅದರಲ್ಲಿ ನಿನ್ನೆಯ ಕೊನೆಯ ದೃಶ್ಯ, ನಾಳೆಯ ತುಣುಕು ಎರಡನ್ನೂ ತೆಗೆಯಿರಿ. ಕಥೆ ಮುಂದೆ ಹೋಗಿದ್ದು ಎಷ್ಟು?

ಇದು ಬರೆಯುವವರ ತಪ್ಪು ಅಂತ ನಾನು ಹೇಳುವುದಿಲ್ಲ. ಪ್ರತಿ ಗುರುವಾರ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಬರುತ್ತದೆ. ನಂಬರ್ ಏರಿದ್ದರೆ ಆ ಟ್ರ್ಯಾಕನ್ನು ಎಳೆಯಿರಿ ಅನ್ನುತ್ತಾರೆ, ಇಳಿದಿದ್ದರೆ ಹೊಸ ಟ್ವಿಸ್ಟ್ ತನ್ನಿ ಅನ್ನುತ್ತಾರೆ. ಕೊನೆ ಎಲ್ಲಿ ಅಂತ ಗೊತ್ತಿಲ್ಲದ ಮೇಲೆ ಎಂಥ ಬರಹಗಾರನಾದರೂ ಏನು ಮಾಡಿಯಾನು? ಕಥೆ ಮುಗಿಯದೇ ನಿಂತುಹೋಗುವ ಅಪಾಯವೂ ಇದೆ. ಟಿ.ಎನ್. ಸೀತಾರಾಂ ಅವರ 'ಮಗಳು ಜಾನಕಿ' 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಚಾನೆಲ್‌ನಲ್ಲಿ ಅರ್ಧಕ್ಕೇ ನಿಂತಿತು. ಅದನ್ನು ನಂಬಿ ಕೂತವರ ಬೇಜಾರು ನಾನು ಹತ್ತಿರದಿಂದ ಕಂಡಿದ್ದೇನೆ.

ದಿನವೂ ಬರಬೇಕು ಅಂದರೆ ಕೊನೆಯಿಲ್ಲದೆ ಬರಬೇಕು ಅಂತೇನೂ ಇಲ್ಲ. ಮೆಕ್ಸಿಕೋದ ಟೆಲಿನಾವೆಲಾಗಳು ದಿನವೂ ಬರುತ್ತವೆ, ಆದರೂ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯುತ್ತವೆ. ಪಾಕಿಸ್ತಾನದ 'ಜಿಂದಗಿ ಗುಲ್ಜಾರ್ ಹೈ' 2014ರಲ್ಲಿ ನಮ್ಮ ಟಿವಿಗೆ ಬಂದಾಗ ಎಷ್ಟು ಜನ ಮುಗಿಬಿದ್ದು ನೋಡಿದರು! ಅದು 26 ಕಂತು. ಈಗ ನಮ್ಮ ಮನೆಯ ಹುಡುಗಿಯರು ರಾತ್ರಿ ನಿದ್ದೆ ಬಿಟ್ಟು ನೋಡುವ ಕೊರಿಯನ್ ಡ್ರಾಮಾಗಳು ಹೆಚ್ಚಾಗಿ 16 ಕಂತಿನವು.

ನಾನು ಕೇಳುವುದು ಇಷ್ಟೇ. ಪ್ರೋಮೊದಲ್ಲಿ ಹೀರೊ ಹೀರೋಯಿನ್ ಮುಖದ ಜೊತೆ ಒಂದು ಸಾಲು ಹಾಕಲಿ: ಇದು ಇಷ್ಟು ಸಂಚಿಕೆಯ ಕಥೆ. 100 ಆಗಲಿ, 200 ಆಗಲಿ, ತೊಂದರೆ ಇಲ್ಲ. ಹೇಳಿದ ದಿನಕ್ಕೆ ಮುಗಿಸಲಿ.

ವಿರೋಧ: ಸೀರಿಯಲ್ ಬೆಳೆಯಲಿ, ಬಿಡಿ

ಮೇಲೆ ಹೇಳಿದ ಮೂರು ಸೀರಿಯಲ್‌ಗಳೂ ನನಗೆ ಪ್ರಾಣ. ನೋಡದವರು ಖಂಡಿತ ನೋಡಿ. ಆದರೆ ಅವುಗಳ ಅಳತೆಗೋಲು ಹಿಡಿದು ಎಲ್ಲ ಸೀರಿಯಲ್‌ಗಳನ್ನೂ ಅಳೆಯುವುದಕ್ಕೆ ನನ್ನ ವಿರೋಧ ಇದೆ. ಸಿನಿಮಾಕ್ಕೆ, ಸಣ್ಣಕಥೆಗೆ ಇಲ್ಲದ ಒಂದು ಅನುಕೂಲ ಸೀರಿಯಲ್‌ಗಿದೆ. ಅದಕ್ಕೆ ಸಮಯ ಇದೆ. ಅದನ್ನೇ ಕಿತ್ತುಕೊಂಡರೆ ಉಳಿಯುವುದು ಉದ್ದದ ಸಿನಿಮಾ.

1998ರ 'ಮಾಯಾಮೃಗ' ನೆನಪಿದೆಯಾ? ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ದೂರದರ್ಶನಕ್ಕೆ ಮಾಡಿದ್ದು. ಸಿ. ಅಶ್ವತ್ಥರ ಶೀರ್ಷಿಕೆ ಗೀತೆ ಶುರುವಾದರೆ ಮನೆ ಮಂದಿಯೆಲ್ಲ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅದರಲ್ಲಿ ಬಂಗಲೆ ಇರಲಿಲ್ಲ, ಮೈತುಂಬ ಒಡವೆ ಹಾಕಿಕೊಂಡು ಮಲಗುವ ಸೊಸೆಯರೂ ಇರಲಿಲ್ಲ. ಇದ್ದದ್ದು ನಮ್ಮ ನಿಮ್ಮಂಥ ಮಧ್ಯಮ ವರ್ಗದ ಮನೆಗಳು, ಮದುವೆಯ ಚಿಂತೆ, ದುಡ್ಡಿನ ಚಿಂತೆ, ಮತ್ತೆ ಮಾತು. ಆ ಮಾತುಗಳಿಗೆ ಆತುರ ಇರಲಿಲ್ಲ. ಮುಂದೆ 'ಮುಕ್ತ'ದಂಥ ಸೀರಿಯಲ್‌ಗಳಲ್ಲಿ ಸೀತಾರಾಂ ಅವರೇ ಕರಿ ಕೋಟು ಹಾಕಿ ಕೋರ್ಟಿನಲ್ಲಿ ನಿಂತರು. ಒಬ್ಬ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುವುದು ಸಂಚಿಕೆಯಿಂದ ಸಂಚಿಕೆಗೆ ನಡೆಯುತ್ತಿತ್ತು. 13 ಕಂತಿನ ಕಥೆಯಲ್ಲಿ ಆ ಪಾಟೀಸವಾಲಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಕಾನೂನು ಹೇಗೆ ನಡೆಯುತ್ತದೆ ಅನ್ನುವುದನ್ನು ಕೋರ್ಟಿನ ಮೆಟ್ಟಿಲು ಹತ್ತದ ಎಷ್ಟೋ ಜನ ತಿಳಿದುಕೊಂಡಿದ್ದು ಅಲ್ಲಿಂದ.

ಇನ್ನೊಂದು ಮಾತು. ಮಾಲ್ಗುಡಿಯಲ್ಲಿ ಸ್ವಾಮಿಯ ಅಮ್ಮ ಆಗಿದ್ದ ವೈಶಾಲಿ ಕಾಸರವಳ್ಳಿಯವರೇ ಮುಂದೆ ದಿನದ ಸೀರಿಯಲ್ 'ಮೂಡಲ ಮನೆ' ನಿರ್ದೇಶಿಸಿದರು. ಉತ್ತರ ಕರ್ನಾಟಕದ ಒಂದು ತುಂಬು ಕುಟುಂಬದ ಕಥೆ. ಅಲ್ಲಿಯ ಮಾತು, ಅಲ್ಲಿಯ ಮನೆ. ಬೆಂಗಳೂರು, ಮೈಸೂರು ಕಡೆಯ ನಮ್ಮಂಥವರ ಕಿವಿಗೆ ಆ ಕನ್ನಡ ದಿನವೂ ಬಿದ್ದು ಬಿದ್ದು ನಮ್ಮದೇ ಆಯಿತು. ಹತ್ತು ಕಂತಿನಲ್ಲಿ ಮುಗಿದಿದ್ದರೆ ಅದು ಬೇರೆ ಊರಿನವರ ಮಾತಾಗಿಯೇ ಉಳಿಯುತ್ತಿತ್ತು. ಎರಡೂ ಥರದ ಕೆಲಸವನ್ನು ಒಬ್ಬರೇ ಮನಸ್ಸಿಟ್ಟು ಮಾಡಿದ್ದಾರೆ ಅಂದರೆ, ಒಂದು ಮೇಲು ಇನ್ನೊಂದು ಕೀಳು ಅಂತ ಗೆರೆ ಎಳೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಕಥೆ ತೆರೆದಿದ್ದರೆ ನೋಡುವವರ ಮಾತು ಅದರೊಳಗೆ ಹೋಗುತ್ತದೆ. 1984ರ 'ಹಮ್ ಲೋಗ್' ಮೆಕ್ಸಿಕೋದ ಮಾದರಿ ನೋಡಿಯೇ ಮಾಡಿದ್ದು. ಮೊದಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಪಾಠ ಜಾಸ್ತಿ ಇತ್ತು, ಜನಕ್ಕೆ ಹಿಡಿಸಲಿಲ್ಲ. ಆಮೇಲೆ ಪಾಠ ಕಡಿಮೆ ಮಾಡಿ ಮನೆಯವರ ಸುಖದುಃಖದ ಕಡೆ ಕಥೆ ತಿರುಗಿಸಿದರು. ದೇಶದ ಮೂಲೆಮೂಲೆಯಿಂದ ಕಾಗದ ಬರತೊಡಗಿದವು. ಎಲ್ಲ ಕಂತನ್ನೂ ಮೊದಲೇ ಬರೆದು, ಚಿತ್ರೀಕರಿಸಿ, ಡಬ್ಬದಲ್ಲಿ ಇಟ್ಟಿದ್ದರೆ ಈ ತಿದ್ದುಪಡಿ ಆಗುತ್ತಿರಲಿಲ್ಲ.

ಈಗ ಯಾರು ನೋಡುತ್ತಾರೆ ಅನ್ನುವ ಮಾತಿಗೆ ಬರೋಣ. 16 ಕಂತನ್ನು ಎರಡು ರಾತ್ರಿಯಲ್ಲಿ ಮುಗಿಸುವ ಹುಡುಗಿಯರ ವಿಷಯ ಬಂತು. ಅವರಿಗೆ ನೋಡುವುದಕ್ಕೆ ಬೇಕಾದಷ್ಟಿದೆ. ಮಂಡಿನೋವಿಂದ ಮನೆ ಬಿಟ್ಟು ಹೊರಗೆ ಹೋಗಲಾಗದ ಅಜ್ಜಿಗೆ? ಅವರಿಗೆ ಓಟಿಟಿ ಹಾಕಲು ಬರುವುದಿಲ್ಲ, ಸಬ್‌ಟೈಟಲ್ ಓದಲು ಕಣ್ಣು ಸಾಲದು. ಸಂಜೆ ದೀಪ ಹಚ್ಚಿ ಟಿವಿ ಮುಂದೆ ಕೂತರೆ ಅವರಿಗೆ ಗೊತ್ತಿರುವ ಮುಖಗಳು ಬರಬೇಕು. 'ಪುಟ್ಟಕ್ಕನ ಮಕ್ಕಳು' ಬಂದಾಗ ನಮ್ಮ ಬೀದಿಯ ಎಷ್ಟು ಹೆಂಗಸರು ಉಮಾಶ್ರೀಯವರ ಪುಟ್ಟಕ್ಕನನ್ನು ಹೆಸರು ಹಿಡಿದು ಮಾತಾಡುತ್ತಿದ್ದರು! ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು, ಮೆಸ್ ನಡೆಸಿ ಮೂವರನ್ನೂ ಓದಿಸುತ್ತಾಳೆ. ಆ ಪಾತ್ರ ಅವರಿಗೆ ಪಕ್ಕದ ಮನೆಯವಳಷ್ಟು ಹತ್ತಿರ. ಪಕ್ಕದ ಮನೆಯವಳು ಯಾವ ತಾರೀಕಿಗೆ ಖಾಲಿ ಮಾಡುತ್ತಾಳೆ ಅಂತ ನಾವು ಮೊದಲೇ ಕೇಳಿಟ್ಟುಕೊಳ್ಳುತ್ತೇವಾ?

ದೂರದಲ್ಲಿರುವ ಮಕ್ಕಳಿಗೂ ಇದು ಒಂದು ದಾರಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗಳು ಫೋನ್ ಮಾಡುತ್ತಾಳೆ. "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಆದ ಮೇಲೆ ಏನು ಮಾತಾಡುವುದು? "ಅಮ್ಮ, ಆ ಸೊಸೆಗೆ ವಿಷಯ ಗೊತ್ತಾಯ್ತಾ?" ಅಂತ ಕೇಳಿದರೆ ಇನ್ನು ಹತ್ತು ನಿಮಿಷ ಅಮ್ಮನ ದನಿಯಲ್ಲಿ ಉತ್ಸಾಹ ಬರುತ್ತದೆ. ಆ ಹತ್ತು ನಿಮಿಷಕ್ಕೋಸ್ಕರವೇ ಇಲ್ಲಿಯ ಸೀರಿಯಲ್ ಅಲ್ಲಿ ಕೂತು ನೋಡುವ ಮಕ್ಕಳನ್ನು ನಾನು ಬಲ್ಲೆ.

ಹೊಟ್ಟೆಪಾಡಿನ ಮಾತನ್ನೂ ಬಿಡುವಂತಿಲ್ಲ. ನಾಟಕ ಮಾಡಿಕೊಂಡು ಊರೂರು ಅಲೆದ ಎಷ್ಟೋ ಕಲಾವಿದರು ತಿಂಗಳ ಬಾಡಿಗೆ ಕಟ್ಟುತ್ತಿರುವುದು ದಿನದ ಸೀರಿಯಲ್‌ನ ಕಾಲ್‌ಶೀಟ್‌ನಿಂದ. ಲೈಟ್ ಹಿಡಿಯುವವರು, ಮೇಕಪ್‌ನವರು, ಸೆಟ್ಟಿಗೆ ಊಟ ತರುವವರು, ಯೂನಿಟ್ ಗಾಡಿ ಓಡಿಸುವವರು ಎಲ್ಲರೂ ಇದನ್ನೇ ನೆಚ್ಚಿಕೊಂಡಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ದಿನಗೂಲಿಯವರಿಗೆ ಎಷ್ಟು ಕಷ್ಟ ಆಯಿತು ಅಂತ ಎಲ್ಲರೂ ನೋಡಿದ್ದಾರೆ. ಕೆಲವು ತಿಂಗಳಿಗೊಮ್ಮೆ ಸೀರಿಯಲ್ ಮುಗಿದರೆ, ಇನ್ನೊಂದು ಶುರುವಾಗುವವರೆಗೆ ಇವರು ಏನು ಮಾಡಬೇಕು?

ಚಿಕ್ಕ ಸರಣಿಗಳಿಗೆ ಕನ್ನಡದಲ್ಲಿ ದಾರಿ ಸಲೀಸಾಗಿದೆ ಅಂತಲೂ ಅಂದುಕೊಳ್ಳಬೇಡಿ. 'ಏಕಂ' ನೋಡಿ. ಕರಾವಳಿಯ ಏಳು ಕಥೆಗಳು, ಅಷ್ಟು ಚೆನ್ನಾಗಿ ಮಾಡಿದ್ದರು. ಯಾವ ಓಟಿಟಿಯವರೂ ತೆಗೆದುಕೊಳ್ಳಲಿಲ್ಲ. 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. 2025ರಲ್ಲಿ ಝೀ5ನಲ್ಲಿ 'ಅಯ್ಯನ ಮನೆ' ಬಂತು, ಅದು ಸಂತೋಷದ ವಿಷಯ. ಇಂಥವು ಇನ್ನೂ ಬರಲಿ. ಆದರೆ ಅವು ಬರುವುದಕ್ಕೆ ದಿನದ ಸೀರಿಯಲ್ ಸಾಯಬೇಕಾಗಿಲ್ಲ.

'ಜೊತೆ ಜೊತೆಯಲಿ' ಎಳೆದರು ಅನ್ನುವುದನ್ನು ಒಪ್ಪುತ್ತೇನೆ. ಮುಖದಿಂದ ಮುಖಕ್ಕೆ ಹಾರುವ ಕ್ಯಾಮೆರಾದಿಂದ ನನಗೂ ಸಾಕಾಗಿದೆ. ಆದರೆ ಅದಕ್ಕೆ ಕಾರಣ ಉದ್ದ ಅಲ್ಲ, ಓಟ. ಇಂಗ್ಲೆಂಡಿನ 'ಕೊರೊನೇಷನ್ ಸ್ಟ್ರೀಟ್' 1960ರಿಂದ ಬರುತ್ತಲೇ ಇದೆ. ಶುರುವಿನಲ್ಲಿ, ಎಷ್ಟೋ ವರ್ಷ, ಅದು ವಾರಕ್ಕೆ ಎರಡೇ ಕಂತು ಬರುತ್ತಿತ್ತು. ನಮ್ಮಲ್ಲಿ ವಾರಕ್ಕೆ ಐದು, ಕೆಲವಕ್ಕೆ ಆರು, ಸಾಲದು ಅಂತ ಭಾನುವಾರ ಮಹಾಸಂಚಿಕೆ. ಒಂದು ಗಂಟೆಯ ಸೀರಿಯಲ್‌ಗಳೂ ಬಂದಿವೆ. ಕೈಯಲ್ಲಿ ಮಾಡಿಟ್ಟ ಸಂಚಿಕೆಗಳು ಕರಗುತ್ತಿರುತ್ತವೆ. ಸಂಭಾಷಣೆ ಬರೆಯುವವರು ಬರೆದಿದ್ದನ್ನು ತಿರುಗಿ ಓದುವುದಕ್ಕೂ ಬಿಡುವಿಲ್ಲದ ಹಾಗೆ ಸೆಟ್ಟಿಗೆ ಕಳಿಸುತ್ತಾರೆ. ಹೇಳುವುದಕ್ಕೆ ಏನೂ ಇಲ್ಲದ ದಿನವೂ ಇಪ್ಪತ್ತು ನಿಮಿಷ ತುಂಬಲೇಬೇಕು. ಆಗ ಅಡುಗೆಯವಳ ಮುಖಕ್ಕೂ ಕ್ಯಾಮೆರಾ ಹೋಗುತ್ತದೆ.

ಹಾಗಾಗಿ ಚಾನೆಲ್‌ನವರನ್ನು ನಾನು ಕೇಳುವುದೇ ಬೇರೆ. ಕೊನೆಯ ದಿನಾಂಕ ಬೇಡ. ಒಂದು ಕಥೆ ವಾರಕ್ಕೆ ಮೂರು ದಿನ ಬರಲಿ, ಉಳಿದ ಮೂರು ದಿನ ಅದೇ ಹೊತ್ತಿಗೆ ಇನ್ನೊಂದು ಕಥೆ ಬರಲಿ. ಅಜ್ಜಿಗೆ ಸಂಜೆ ಖಾಲಿ ಆಗುವುದಿಲ್ಲ, ಕಲಾವಿದರ ಕೆಲಸ ಹೋಗುವುದಿಲ್ಲ, ಇನ್ನೊಂದು ತಂಡಕ್ಕೂ ಕೆಲಸ ಸಿಗುತ್ತದೆ. ಬರೆಯುವವರಿಗೆ ಯೋಚಿಸಲು ನಾಲ್ಕು ದಿನ ಸಿಗುತ್ತದೆ. ಆಮೇಲೆ ಆ ಕಥೆ ಎರಡು ವರ್ಷ ಬರಲಿ, ಐದು ವರ್ಷ ಬರಲಿ, ನಾನು ನೋಡುತ್ತೇನೆ.