ಕಪ್ಲಿಂಗ್ ಹರಿದದ್ದು ಅವರ ಕೈಯಿಂದ, ಮಾತು ಕೇಳಿದ್ದು ನಾನು

ನನ್ನ ಕಾರಿನ ಕೆಳಗೆ, ಎಂಜಿನ್ನಿನ ಎಳೆತವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಶಾಫ್ಟಿಗೆ ಜೋಡಿಸುವ ರಬ್ಬರ್ ಕಪ್ಲಿಂಗಿನ ಮೇಲೆ ಬಾಣದ ಗುರುತುಗಳು ಇದ್ದವು. ರಬ್ಬರಿನ ಅಂಚಿನ ಮೇಲೆ, ಕುರುಡನೂ ಬೆರಳಾಡಿಸಿ ಹೇಳಬಹುದಾದಷ್ಟು ಉಬ್ಬಾಗಿ ಅಚ್ಚು ಹಾಕಿದ್ದರು. ಎಲ್ಲವೂ ತಿರುಗುಮುರುಗು. ಬಿಚ್ಚುವ ಮೊದಲೇ ಪಿಟ್ಟಿಗೆ, ಅಂದರೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಗೆ, ಇಳಿದು ಫೋಟೋ ತೆಗೆದಿದ್ದೇನೆ, ಮೊಬೈಲಿನಲ್ಲಿ ಇದೆ, ಯಾರಿಗೆ ಬೇಕಾದರೂ ತೋರಿಸುತ್ತೇನೆ. ಇವತ್ತು ಅದನ್ನೇ, ಈ ಕಪ್ಲಿಂಗನ್ನು ಹೊಸದಾಗಿ ಜೋಡಿಸಿದ್ದ ಗ್ಯಾರೇಜಿನವರಿಗೆ ತೋರಿಸಿದೆ. ಅದಕ್ಕೆ ಸಿಕ್ಕ ಮರ್ಯಾದೆಯನ್ನು ನೆನೆದರೆ ಈಗಲೂ ಕೈ ನಡುಗುತ್ತಿದೆ.

ನಾನು ಕೇಳಿದ್ದು ಇಷ್ಟೇ. "ಅಣ್ಣಾ, ಈ ಬಾಣದ ಮೊನೆ ಫ್ಲಾಂಜಿನ ತೋಳಿನ ಕಡೆಗೆ ಇರಬೇಕಲ್ಲವೇ? ನಿಮ್ಮ ಹುಡುಗರು ತಿರುಗಿಸಿ ಹಾಕಿದ್ದಾರೆ." ಫ್ಲಾಂಜ್ ಎಂದರೆ ಬೋಲ್ಟು ಕೂರುವ ಲೋಹದ ತೋಳುಗಳಿರುವ ತುದಿ. ದನಿ ಏರಿಸಿರಲಿಲ್ಲ. ಗ್ಯಾರೇಜಿನ ಯಜಮಾನರು ಕುರ್ಚಿಯಿಂದ ಏಳಲಿಲ್ಲ. ಹರಿದ ಕಪ್ಲಿಂಗನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿಂದೆ ಮುಂದೆ ನೋಡಿದಂತೆ ಮಾಡಿ, ಹಳೆಯ ಬ್ರೇಕ್ ಪ್ಯಾಡುಗಳು ಬಿದ್ದಿದ್ದ ಮೂಲೆಗೆ ಎಸೆದರು. ಆಮೇಲೆ ನನ್ನ ಕಡೆ ಅಲ್ಲ, ಅಲ್ಲಿ ಕುಳಿತಿದ್ದವರ ಕಡೆ ತಿರುಗಿ ಹೇಳಿದರು: "ಬಿಲ್ಲು ಬಾಣ ಎಲ್ಲ ರಾಮಾಯಣದಲ್ಲಿ ಇರುತ್ತವೆ ಸಾರ್. ಗಾಡಿಯಲ್ಲಿ ಇರುವುದು ನಟ್ಟು ಬೋಲ್ಟು."

ಎಲ್ಲರೂ ನಕ್ಕರು. ಚಹಾ ತಂದ ಹುಡುಗ ನಕ್ಕ. ತಪ್ಪಾಗಿ ಜೋಡಿಸಿದ ಆ ಮೆಕ್ಯಾನಿಕ್ ಹುಡುಗನೇ ನಕ್ಕ. ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರು ಅಲ್ಲಿದ್ದರು, ನಮ್ಮ ತಂದೆಗೆ ಪರಿಚಯದವರು, ನನ್ನ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಉಂಡು ಹೋದವರು, ಅವರೂ ನಕ್ಕರು. ಅಷ್ಟಕ್ಕೇ ನಿಲ್ಲಲಿಲ್ಲ. "ಇಂಥ ಗಾಡಿ ಸಾಕಬೇಕಾದರೆ ಮನೆಯಲ್ಲಿ ಗಣಿ ಇರಬೇಕು. ಇಲ್ಲದವರು ಸಣ್ಣ ಗಾಡಿ ಇಟ್ಟುಕೊಂಡು ಸುಮ್ಮನಿರಬೇಕು." ಇದನ್ನು ಹೇಳುವಾಗ "ಸಾರ್" ಕೂಡ ಇರಲಿಲ್ಲ.

ಬಾಯಿ ಒಣಗಿತು. ಒಂದು ಮಾತು ಹೊರಡಲಿಲ್ಲ. ಆಮೇಲೆ ಏನು ಮಾಡಿದೆ ಗೊತ್ತೇ? ಬಿಚ್ಚಿದ ಮಜೂರಿ ಎಂದು ಒಂದು ಚೀಟಿ ಮುಂದಿಟ್ಟರು. ಅವರೇ ಕೆಡಿಸಿದ್ದನ್ನು ಅವರೇ ಬಿಚ್ಚಿದ್ದಕ್ಕೆ ಮಜೂರಿ. ಕೊಟ್ಟೆ. ಗಾಡಿ ಅವರ ಪಿಟ್ಟಿನ ಮೇಲೆ ನಿಂತಿದೆ, ಶಾಫ್ಟ್ ಕೆಳಗಿದೆ, ಕೊಡದೆ ಎಲ್ಲಿಗೆ ಹೋಗಲಿ? ಚಿಲ್ಲರೆ ಎಣಿಸಿ ವಾಪಸ್ ಕೊಡುವಾಗಲೂ ಆ ನಗು ಅವರ ಮುಖದಲ್ಲೇ ಇತ್ತು.

ಗಣಿಯಂತೆ ಗಣಿ. ಈ ಕಾರು ಬಿಎಂಡಬ್ಲ್ಯು 325ಐ, ಅದಿರಿನ ದುಡ್ಡು ಊರಲ್ಲಿ ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ಯಾರೋ ಕೊಂಡದ್ದು, ನಿಜ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಂಥ ಎಷ್ಟೋ ಕಾರುಗಳು ಶೆಡ್ಡುಗಳಲ್ಲಿ ದೂಳು ತಿನ್ನುತ್ತ ನಿಂತವು. ನಾನು ಕೊಂಡದ್ದು ಬಹಳ ವರ್ಷಗಳ ನಂತರ, ಕೈ ಬದಲಾಗಿ ಬದಲಾಗಿ ಬೆಲೆ ಇಳಿದ ಮೇಲೆ, ಜೀನ್ಸ್ ಹೊಲಿದು ಉಳಿಸಿದ ದುಡ್ಡಿನಲ್ಲಿ. ಸಾಲಾಗಿ ನಿಂತ ಆರು ಸಿಲಿಂಡರು, 218 ಅಶ್ವಶಕ್ತಿ, ಹಿಂದಿನ ಚಕ್ರಕ್ಕೆ ಎಳೆತ. ಹೊಸಪೇಟೆ ರಸ್ತೆಯಲ್ಲಿ ಬೆಳಗಿನ ಜಾವ ಮೂರನೆಯ ಗೇರಿನಲ್ಲಿ ಆ ಎಂಜಿನ್ ಏರುವ ದನಿ ಕೇಳಿದವರಿಗೆ ನಾನು ಏಕೆ ಇದನ್ನು ಇಟ್ಟುಕೊಂಡಿದ್ದೇನೆ ಎಂದು ವಿವರಿಸಬೇಕಾಗಿಲ್ಲ. ಕೇಳದವರಿಗೆ ವಿವರಿಸಿ ಪ್ರಯೋಜನವೂ ಇಲ್ಲ.

ಮೊದಲಿದ್ದ ಹಳೆಯ ಕಪ್ಲಿಂಗ್ ಸವೆದದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಗೇರ್ ಬಾಕ್ಸಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ ಇರುವ ರಬ್ಬರ್ ಅದು, ವಯಸ್ಸಾದಂತೆ ಗಟ್ಟಿಯಾಗಿ ಬೋಲ್ಟುಗಳ ನಡುವೆ ಬಿರುಕು ಬಿಡುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಕಾವು, ಮೇಲೆ ನಮ್ಮ ಬಳ್ಳಾರಿಯ ನಲವತ್ತು ಡಿಗ್ರಿ ಬೇಸಿಗೆ, ಕೆಳಗೆ ಅದಿರಿನ ಲಾರಿಗಳು ಉತ್ತು ಹಾಕಿದ ರಸ್ತೆ. ಗಾಡಿ ಹೊರಡುವಾಗ ಕೆಳಗಿನಿಂದ "ಠಕ್" ಎನ್ನುತ್ತಿತ್ತು, ಸೀಟಿನ ಕೆಳಗೆ ನಡುಕ ಬರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒರಿಜಿನಲ್ ಕಪ್ಲಿಂಗ್, ಶಾಫ್ಟನ್ನು ನಡುವೆ ಹಿಡಿದಿಡುವ ಹೊಸ ಸೆಂಟರ್ ಬೇರಿಂಗ್, ಅದುರಿದರೂ ಸಡಿಲವಾಗದ ಹೊಸ ಲಾಕ್ ನಟ್ಟುಗಳು, ಎಲ್ಲವನ್ನೂ ನಾನೇ ತರಿಸಿಕೊಟ್ಟೆ. ಅದರಲ್ಲಿ ಆ ಹೊಸ ನಟ್ಟುಗಳ ಪೊಟ್ಟಣ ಇವತ್ತು ಅವರ ಬೆಂಚಿನ ಮೇಲೆ ಬಿಚ್ಚದೆ ಬಿದ್ದಿತ್ತು! ಒಮ್ಮೆ ಬಿಚ್ಚಿದ ಲಾಕ್ ನಟ್ಟನ್ನು ಮತ್ತೆ ಹಾಕಬಾರದು. ಹಾಕಿದ್ದಾರೆ.

ಬಾಣ ಏಕೆ ಮುಖ್ಯ ಎಂದು ಅಲ್ಲಿ ಹೇಳಲು ಬಿಡಲಿಲ್ಲ, ಇಲ್ಲಿ ಹೇಳುತ್ತೇನೆ. ಆ ಕಪ್ಲಿಂಗ್ ಬರಿಯ ರಬ್ಬರ್ ಅಲ್ಲ. ಒಳಗೆ ದಾರದ ಸುತ್ತುಗಳಿವೆ, ಒಂದು ಬೋಲ್ಟಿನ ತೂತಿನಿಂದ ಪಕ್ಕದ ತೂತಿಗೆ ಬಿಗಿದ ಸುತ್ತುಗಳು. ಮೂರು ಬೋಲ್ಟು ಗೇರ್ ಬಾಕ್ಸಿನ ಕಡೆಗೆ, ಮೂರು ಶಾಫ್ಟಿನ ಕಡೆಗೆ, ಒಂದು ಬಿಟ್ಟು ಒಂದು. ಎಂಜಿನ್ ತಿರುಗಿಸಿದಾಗ ಒಂದು ಸುತ್ತು ಎಳೆತಕ್ಕೆ ಸಿಗುತ್ತದೆ, ಅದರ ಪಕ್ಕದ್ದು ಒತ್ತಡಕ್ಕೆ. ಎಳೆತ ತಡೆಯಲೆಂದು ಮಾಡಿದ ಭಾಗಕ್ಕೇ ಎಳೆತ ಬೀಳಲಿ ಎಂದು ಬಾಣ ಹಾಕಿರುತ್ತಾರೆ. ತಿರುಗಿಸಿ ಹಾಕಿದರೆ ಭಾರವೆಲ್ಲ ತಪ್ಪು ದಾರದ ಮೇಲೆ ಬಿದ್ದು ಹೊಸದೂ ಬೇಗನೆ ಹರಿಯುತ್ತದೆ. ನನಗೆ ಇಂಜಿನಿಯರಿಂಗ್ ಗೊತ್ತಿಲ್ಲ, ದಾರ ಗೊತ್ತು. ಬಟ್ಟೆಯ ಹಾಸು ತಪ್ಪಿಸಿ ಕತ್ತರಿಸಿದರೆ ಒಗೆದ ಮೇಲೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ. ಅಂಥ ಮಾಲು ಕಳಿಸಿದರೆ ವ್ಯಾಪಾರಿ ನನ್ನ ಮುಖಕ್ಕೆ ಎಸೆಯುತ್ತಾನೆ, ನಾನು ಬಾಯಿ ಮುಚ್ಚಿಕೊಂಡು ಹಣ ವಾಪಸ್ ಕೊಡುತ್ತೇನೆ. ಆಗ ನಾನು ರಾಮಾಯಣದ ಮಾತು ಆಡಿ ಜನರನ್ನು ನಗಿಸುವುದಿಲ್ಲ.

ಇನ್ನೂ ಇದೆ. ಬಿಚ್ಚುವ ಮೊದಲು ಶಾಫ್ಟಿಗೂ ಫ್ಲಾಂಜಿಗೂ ಬಣ್ಣದ ಗುರುತು ಹಾಕಿ, ಇಲ್ಲವಾದರೆ ಬ್ಯಾಲೆನ್ಸ್ ಕೆಡಬಹುದು ಎಂದಿದ್ದೆ. ಹಾಕಿಲ್ಲ. ಬೋಲ್ಟು ನಟ್ಟುಗಳನ್ನು ರಬ್ಬರಿನ ಕಡೆ ತಿರುಗಿಸದೆ ಫ್ಲಾಂಜಿನ ಕಡೆಯಿಂದಲೇ ಬಿಗಿಯಬೇಕು, ಎಷ್ಟು ಬೇಕೋ ಅಷ್ಟೇ ಅಳೆದು ಬಿಗಿಯುವ ಟಾರ್ಕ್ ವ್ರೆಂಚಿನಿಂದ. ಇವರು ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಏರ್ ಗನ್ ಹಿಡಿದು ಕೈಗೆ ಸಿಕ್ಕ ಕಡೆಯಿಂದ ಬಾರಿಸಿದ್ದಾರೆ, ರಬ್ಬರ್ ತಿರುಚಿಕೊಂಡೇ ಕೂತಿತ್ತು. ತೋರಣಗಲ್ಲಿನ ಹತ್ತಿರ ಅದು ಹರಿದಾಗ ನಿಧಾನದಲ್ಲಿದ್ದೆ. ವೇಗದಲ್ಲಿ ಪೂರ್ತಿ ಕಳಚಿಕೊಂಡಿದ್ದರೆ ಶಾಫ್ಟ್ ಬಡಿದು ಗೇರ್ ಬಾಕ್ಸಿನ ಮೂತಿಯನ್ನೇ ಒಡೆಯಬಹುದಿತ್ತು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಮಲಗಿದ್ದಳು. ಇದನ್ನೂ ಅವರಿಗೆ ಹೇಳಬೇಕೆಂದಿದ್ದೆ.

ಹೋಗಲಿ. ಯಾರಿಗೆ ಹೇಳುವುದು? ಈ ಊರಿನಲ್ಲಿ ಲಾರಿ ಶಾಫ್ಟಿನ ಕ್ರಾಸ್ ಎಂಬ ಲೋಹದ ಕೀಲು ಬದಲಿಸುವವರು ಬೀದಿಗೊಬ್ಬರು ಸಿಗುತ್ತಾರೆ, ಕಣ್ಣು ಮುಚ್ಚಿಕೊಂಡು ಮಾಡುತ್ತಾರೆ, ಅವರ ಕೈಗೆ ನಮಸ್ಕಾರ. ಈ ಗಾಡಿ ಅವರಿಗೆ ಹೊಸದು. ಕಾರು ಮಾರಿಬಿಡುತ್ತೇನೆ, ಹದಿನೈದು ವರ್ಷವೂ ಮುಗಿದಿದೆ, ನೋಂದಣಿ ನವೀಕರಣದ ತಲೆನೋವೂ ತಪ್ಪುತ್ತದೆ. ಸಣ್ಣ ಗಾಡಿ ಕೊಂಡು ಸುಮ್ಮನಿರುತ್ತೇನೆ, ಆ ಮನುಷ್ಯ ಹೇಳಿದ ಹಾಗೆಯೇ.

ಇಲ್ಲ. ಏಕೆ ಮಾರಬೇಕು? ಅವರು ಹೇಳಿದರೆಂದೇ? ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲ ಎಂದು ಹೇಳಿದ್ದರೆ ಹೈದರಾಬಾದಿಗೋ ಬೆಂಗಳೂರಿಗೋ ಲಾರಿಯ ಮೇಲೆ ಹಾಕಿ ಕಳಿಸುತ್ತಿದ್ದೆ. "ಇಂಥವು ನೂರು ಮಾಡಿದ್ದೇವೆ" ಎಂದವರು ಅವರೇ. ನೂರು ಮಾಡಿದವರ ಕಣ್ಣಿಗೆ ಒಂದು ಬಾಣ ಬೀಳಲಿಲ್ಲವೇ? ಬಿದ್ದರೂ ಅದು ಏಕಿದೆ ಎಂದು ಒಬ್ಬನಿಗೂ ಕೇಳಬೇಕೆನಿಸಲಿಲ್ಲವೇ? ಯಾರಾದರೂ ಉತ್ತರ ಕೊಡಿ. ಗ್ಯಾರೇಜ್ ನಡೆಸುವವರೇ ಕೊಡಿ. ಗಿರಾಕಿ ತನ್ನ ಗಾಡಿಯ ಬಗ್ಗೆ ನಾಲ್ಕು ಅಕ್ಷರ ಓದಿಕೊಂಡು ಬಂದರೆ ನಿಮಗೆ ಅಷ್ಟೊಂದು ಉರಿ ಏಕೆ?

ಇನ್ನೊಂದು ಕಪ್ಲಿಂಗಿಗೆ ಹೇಳಿಯಾಗಿದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು, ಎಲ್ಲಿಯಾದರೂ ಸರಿ, ಟಾರ್ಕ್ ವ್ರೆಂಚ್ ಇಟ್ಟುಕೊಂಡಿರುವ, ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಬಿಡುವ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ತಿಳಿಸಿ. ಮಜೂರಿ ಅವರು ಕೇಳಿದಷ್ಟು ಕೊಡುತ್ತೇನೆ. ಕಾರನ್ನು ಆ ಪಿಟ್ಟಿನಿಂದ ಮೊದಲು ಹೊರಗೆ ತರಬೇಕು, ಹಗ್ಗ ಕಟ್ಟಿ ಎಳೆದಾದರೂ ಸರಿ, ನಾಳೆಯೇ.